ಟ್ಯಾಂಕ್ ಆಟದ ಕುರಿರೊಪ್ಪ

ಹಳೇ ವಿಡಿಯೋ ಗೇಮ್ ಕ್ಯಾಸೆಟ್ಟುಗಳಿಗೆ ಈಗಲೂ ಗಿರಾಕಿಗಳಿದ್ದಾರೆ ಅಂದರೆ ನಗುವವರೇ ಹೆಚ್ಚು. ಚಿತ್ರದುರ್ಗದ ನನ್ನ ರಿಪೇರಿ ಅಂಗಡಿಗೆ ಬಂದು ನೋಡಿ. ಗುಜರಿಯವರು ತಂದು ಸುರಿಯುವ ಹಳದಿ ಕ್ಯಾಸೆಟ್ಟುಗಳನ್ನು ಬಿಚ್ಚಿ, ಒಳಗಿನ ತಾಮ್ರದ ಗೆರೆಗಳನ್ನು ರಬ್ಬರಿನಿಂದ ಉಜ್ಜಿ, ಟಿವಿಗೆ ಹಾಕಿ ನೋಡಿ ಮಾರುತ್ತೇನೆ. ಕೊಳ್ಳುವವರು ನಲವತ್ತರ ಆಸುಪಾಸಿನ ಗಂಡಸರು. ಮೇಷ್ಟ್ರುಗಳು, ಬ್ಯಾಂಕಿನವರು, ಭೀಮಸಮುದ್ರದ ಅಡಿಕೆ ವ್ಯಾಪಾರಿಗಳು. ಚಿಕ್ಕಂದಿನಲ್ಲಿ ಅಣ್ಣ ಮುಟ್ಟಲು ಬಿಡದಿದ್ದ ಆಟವನ್ನು ಈಗ ಬಾಗಿಲು ಹಾಕಿಕೊಂಡು ಆಡುತ್ತಾರಂತೆ.

ಎತ್ತಪ್ಪ ಆ ಸಾಲಿನ ಗಿರಾಕಿಯಲ್ಲ. ಹಿರಿಯೂರು ಕಡೆಯ ಹಟ್ಟಿಯವರು, ಕುರಿ ಕಾಯುವವರು, ಅರವತ್ತರ ಹತ್ತಿರ. ಮೊದಲ ಸಲ ಬಂದಾಗ ಹೆಗಲ ಕಂಬಳಿಯನ್ನು ಮಡಿಲಿಗೆ ಹಾಕಿಕೊಂಡು ಕುಂತು, ಟ್ಯಾಂಕ್ ಆಟ ಇದೆಯೇ ಎಂದು ಕೇಳಿದರು. ಆ ಆಟದಲ್ಲಿ ನಮಗೆ ಬೇಕಾದ ಹಾಗೆ ಇಟ್ಟಿಗೆ, ನೀರು, ಗಿಡ ಜೋಡಿಸಿ ನಮ್ಮದೇ ಮೈದಾನ ಕಟ್ಟುವ ಒಂದು ಜಾಗವಿದೆ. ಅಲ್ಲಿಗೆ ಹೋಗು ಅಂದರು. ಹೋದೆ. ಪರದೆ ಖಾಲಿ. ‘ಇದಲ್ಲ’ ಎಂದು ಕ್ಯಾಸೆಟ್ಟು ಪಕ್ಕಕ್ಕಿಟ್ಟರು. ಅವತ್ತು ನಾಲ್ಕು ನೋಡಿದೆವು. ಆಮೇಲೆ ಪ್ರತಿ ಮಂಗಳವಾರ ಬಂದರು.

ಮೂರನೇ ವಾರ ಕಥೆ ಹೇಳಿದರು. ಅವರಿಗೂ ಹೆಂಡತಿ ಜುಂಜಮ್ಮನಿಗೂ ಒಬ್ಬಳೇ ಮಗಳು, ಮೌನಿಕಾ, ಪಿಯುಸಿ ಓದುತ್ತಿದ್ದಳು. ಹಿರಿಯೂರಿನಲ್ಲಿ ಯಾರದೋ ಮನೆಯಿಂದ ಹಳೇ ಗೇಮ್ ಸೆಟ್ಟು ತಂದು ಅಪ್ಪನಿಗೂ ಆಟ ಕಲಿಸಿದ್ದಳು. ಅವಳು ಮುಂದೆ ನುಗ್ಗಿ ಗುಂಡು ಹಾರಿಸುವುದು, ಇವರು ಹಿಂದೆ ನಿಂತು ಶತ್ರು ಟ್ಯಾಂಕಿಗೆ ಸಿಗದಂತೆ ಕೋಟೆಯೊಳಗಿನ ಹದ್ದನ್ನು ಉಳಿಸುವುದು.

“ಕುರಿ ಕಾಯೋನಿಗೆ ಹದ್ದು ಕಾಯಾಕೆ ಹಚ್ಚಿದ್ಲು ನೋಡು,” ಅಂದರು. ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ಕಳೆದ ಮಳೆಗಾಲದಲ್ಲಿ ಅವಳಿಗೆ ಡೆಂಗಿ ಬಂತು. ಜ್ವರದಲ್ಲೇ ಕುಂತು ಪರದೆಯ ಮೇಲೆ ರಾತ್ರಿ ಮಂದೆ ಕೂಡುವ ತಮ್ಮ ಕುರಿರೊಪ್ಪ ಕಟ್ಟಿದಳು. ಸುತ್ತ ಇಟ್ಟಿಗೆ ಗೋಡೆ, ಕುರಿ ನುಗ್ಗಲು ಒಂದು ಕಂಡಿ, ಮೂಲೆಯಲ್ಲಿ ನೀರಿನ ತೊಟ್ಟಿ, ಹಿಂದೆ ಜಾಲಿ ಗಿಡ. ಅಷ್ಟರಲ್ಲಿ ಆಸ್ಪತ್ರೆಗೆ ಹೋಗಲು ಆಟೋ ಬಂತು. ಇದನ್ನು ಆರಿಸಬೇಡಪ್ಪ, ಬಂದ ಮೇಲೆ ಇದರಲ್ಲೇ ಆಡೋಣ ಎಂದು ಹೇಳಿ ಹೋದಳು. ಎರಡೇ ದಿನ. ಹೆಣ ತಂದಾಗಲೂ ಟಿವಿ ಉರಿಯುತ್ತಲೇ ಇತ್ತು. ಹಿರಿಯರೊಬ್ಬರು ಗದರಿದರು. ಎತ್ತಪ್ಪ ಎದ್ದು ವೈರು ಕಿತ್ತರು.

ಅವರ ಮನೆತನದಲ್ಲಿ ಸತ್ತವರ ಸಾಮಾನು ಹನ್ನೊಂದನೇ ದಿನದ ನಂತರ ಒಳಗಿಡುವುದಿಲ್ಲ. ಬಟ್ಟೆ, ಪುಸ್ತಕ, ಗೇಮ್ ಸೆಟ್ಟು ಎಲ್ಲ ಹೊರಗೆ ಹೋಯಿತು. ಕೈಯಾರೆ ಕೊಟ್ಟವರು ಎತ್ತಪ್ಪ. ಅದು ಗುಜರಿ ಸೇರಿತೆಂದು ಆಮೇಲೆ ತಿಳಿಯಿತು. ರೊಪ್ಪ ಆ ಕ್ಯಾಸೆಟ್ಟಿನೊಳಗಿದೆ, ಕ್ಯಾಸೆಟ್ಟು ಸಿಕ್ಕರೆ ರೊಪ್ಪ ಸಿಗುತ್ತದೆ ಎಂದು ಅಂದಿನಿಂದ ಹುಡುಕುತ್ತಿದ್ದಾರೆ.

ಆದರೆ ಆ ಕ್ಯಾಸೆಟ್ಟಿನಲ್ಲಿ ಕಟ್ಟಿದ್ದೇನೂ ಉಳಿಯುವುದಿಲ್ಲ. ಕರೆಂಟು ನಿಂತರೆ ಅಳಿಸಿಹೋಗುತ್ತದೆ. ನನಗೆ ಇದು ಮೊದಲಿಂದಲೂ ಗೊತ್ತಿತ್ತು. ಹೇಳಿಬಿಡು ಎಂದು ನನ್ನ ಹೆಂಡತಿ ಕಾವ್ಯ ಎಷ್ಟೋ ಸಲ ಅಂದಳು. ಹೇಳಿದರೆ ಅಳಿಸಿದ್ದು ಯಾರು ಅನ್ನುವುದನ್ನೂ ಹೇಳಿದಂತೆ. ಬಾಯಿ ಬರಲಿಲ್ಲ.

ಹೋದ ಮಂಗಳವಾರ ಎತ್ತಪ್ಪ ಬೇರೆ ಕ್ಯಾಸೆಟ್ಟು ಕೇಳಲಿಲ್ಲ. ತಾವೇ ಕಂಟ್ರೋಲರ್ ಹಿಡಿದು ಕುಂತರು. ಮುಕ್ಕಾಲು ಗಂಟೆ ಹಿಡಿಯಿತು. ಗೋಡೆ, ಕಂಡಿ, ತೊಟ್ಟಿ, ಜಾಲಿ. ನೆನಪಿದ್ದ ಹಾಗೆ ಕಟ್ಟಿ ಮುಗಿಸಿ ನನ್ನ ಕಡೆ ತಿರುಗಿದರು.

“ಈಗ ಆರ್ಸಿ ಹಚ್ಚಪ್ಪ ಹಾಲೇಶಪ್ಪ. ಹೆಂಗೆ ಉಳಿದೈತೆ ನೋಡಾಣ.”

ಟೀ ಕುಡಿದು ಬರೋಣ ಬನ್ನಿ ಅಂದೆ. ಅವರು ಕದಲಲಿಲ್ಲ. ಸ್ವಿಚ್ಚು ಆರಿಸಿ ಹಾಕಿದೆ. ಆ ಜಾಗಕ್ಕೆ ಹೋದೆ. ಖಾಲಿ.

ನೀವು ಕೀಳುವ ಮುಂಚೆಯೇ ಕರೆಂಟು ಹೋಗಿ ಅಳಿಸಿರಬಹುದು, ನಮ್ಮ ಕಡೆ ಎರಡು ದಿನ ಬಿಡದೆ ಕರೆಂಟು ಇರುವುದುಂಟೇ ಎಂದೆ.

“ಇಲ್ಲಪ್ಪ. ನಾನು ವೈರು ಕೀಳುವಾಗ ರೊಪ್ಪ ಇತ್ತು. ಕಣ್ಣಾರೆ ನೋಡ್ಕಂತಲೇ ಕಿತ್ತೆ.” ಕಂಬಳಿ ಹೆಗಲಿಗೆ ಹಾಕಿಕೊಂಡರು. “ಜುಂಜಮ್ಮಗೆ ಹೇಳಬ್ಯಾಡ. ಅವಳು ಎಲ್ಲೋ ಐತೆ ಅನ್ಕಂಡು ಎರಡು ತುತ್ತು ಉಣ್ತಾಳೆ.”

ಆಯಿತು ಅಂದೆ. ಅವರು ಇನ್ನು ಬರುವುದಿಲ್ಲ ಅಂದುಕೊಂಡಿದ್ದೆ. ಈ ಮಂಗಳವಾರ ಹೆಂಡತಿಯ ಜೊತೆಗೇ ಬಂದರು. ಗಂಡನ ಕಣ್ಣು ಮಂಜಾಗಿದೆ, ಅದಕ್ಕೇ ಸಿಗುತ್ತಿಲ್ಲ ಎಂದು ಜುಂಜಮ್ಮ ತಾವೇ ಟಿವಿ ಮುಂದೆ ಕುಂತರು. ಎತ್ತಪ್ಪ ಬಾಗಿಲ ಹತ್ತಿರ, ರಸ್ತೆಗೆ ಮುಖ ಮಾಡಿ ನಿಂತರು. ಒಂದು ಹಾಕಿದೆ, ಖಾಲಿ. ಎರಡನೆಯದೂ ಖಾಲಿ.

“ಅವಸರ ಮಾಡಬ್ಯಾಡಪ್ಪ,” ಅಂದರು ಜುಂಜಮ್ಮ, “ಸಂಜೆ ಬಸ್ಸಿಗೆ ಇನ್ನೂ ಹೊತ್ತೈತೆ.”

ನಾನು ಮೂರನೆಯದನ್ನು ಉಜ್ಜತೊಡಗಿದೆ.