ಹದಿನೆಂಟು ಕಿಲೋಮೀಟರ್ ಇಳಿಜಾರು

ವಾಚಕ ಮಹಾಶಯರಲ್ಲಿ ಸವಿನಯ ವಿಜ್ಞಾಪನೆ. ವಿದ್ಯುತ್ ಕಾರು ಸಾಮಾನ್ಯನಿಗೆ ಒಗ್ಗುವುದೋ ಇಲ್ಲವೋ ಎಂಬ ಜಿಜ್ಞಾಸೆಯಲ್ಲಿ ತಾವು ಈಗಾಗಲೇ ಒಂದು ಪಕ್ಷವನ್ನು ಹಿಡಿದಿದ್ದರೆ, ದಯಮಾಡಿ ಅದನ್ನು ಕೆಲಹೊತ್ತು ಬದಿಗಿರಿಸಿ, ಒಬ್ಬ ಟ್ಯಾಕ್ಸಿ ಚಾಲಕನು ತನ್ನ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದ ಒಂದು ಬೆಳಗಿನ ವೃತ್ತಾಂತವನ್ನು ಆಲಿಸಬೇಕಾಗಿ ಪ್ರಾರ್ಥನೆ.

ಆ ಚಾಲಕನು ಮೂವತ್ತೊಂದು ವರ್ಷ ಪೆಟ್ರೋಲ್ ಗಾಡಿ ಓಡಿಸಿ ಪಳಗಿದವನು. ಓಣಿಯವರು ಅವನನ್ನು ‘ರಿಸರ್ವ್ ಮಾಮ’ ಎಂದು ಕರೆಯುತ್ತಿದ್ದರು. ಮುಳ್ಳು ಕೆಂಪಿಗೆ ಬಿದ್ದು ಪ್ರಯಾಣಿಕರ ಜೀವ ಬಾಯಿಗೆ ಬಂದಾಗಲೂ ಅವನು, “ಹೆದರ್ಬೇಡಿ, ರಿಸರ್ವ್ ಇದೆ” ಎಂದು ಮೀಸೆಯಲ್ಲೇ ನಗುತ್ತಿದ್ದನು. ಇಳಿಜಾರು ಬಂತೆಂದರೆ ಗಾಡಿಯನ್ನು ನ್ಯೂಟ್ರಲ್ಲಿಗೆ ತಳ್ಳಿ, ಹನಿ ಎಣ್ಣೆ ಸುಡದಂತೆ ತೇಲಿಸಿಕೊಂಡು ಇಳಿಯುವುದು ಅವನ ಗುರು ಹೇಳಿಕೊಟ್ಟ ವಿದ್ಯೆ. “ಹತ್ತೋದಕ್ಕೆ ಎಣ್ಣೆ ಬೇಕು, ಇಳಿಯೋದು ಪುಕ್ಕಟೆ” ಎಂಬುದು ಅವನ ಪಾಲಿನ ವೇದವಾಕ್ಯ.

ಅವನ ಹೆಂಡತಿಗೆ ಎರಡು ವರ್ಷದ ಹಿಂದೆ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಮೂರು ಸಲ ಬೆಟ್ಟದಾಚೆಯ ಆಸ್ಪತ್ರೆಗೆ ಹೋಗಿ, ಯಂತ್ರದ ಪಕ್ಕದಲ್ಲಿ ನಾಲ್ಕು ಗಂಟೆ ಮಲಗಿ, ರಕ್ತವನ್ನು ಶುದ್ಧಿ ಮಾಡಿಸಿಕೊಂಡು ಬರಬೇಕು. ಕಾಯಿಲೆ ಬಂದಂದಿನಿಂದ ಪೆಟ್ರೋಲಿನ ವಾಸನೆ ಅವಳಿಗೆ ವಿಷವಾಯಿತು. ಮೊದಲ ತಿರುವಿನಲ್ಲೇ ವಾಂತಿ, ಕೊನೆಯ ತಿರುವಿನ ಹೊತ್ತಿಗೆ ಕಣ್ಣು ಮೇಲೆ ಹೋಗುವ ಸ್ಥಿತಿ. ಆ ಒಂದೇ ಕಾರಣಕ್ಕೆ ಅವನು ಹಳೆಯ ಗಾಡಿಯನ್ನು ಮಾರಿ ವಿದ್ಯುತ್ ಕಾರು ತಂದನು. ಮೊದಲ ದಿನ ಅವಳು ಬೆಟ್ಟ ಹತ್ತಿ ಇಳಿಯುವವರೆಗೂ ಮಗುವಿನಂತೆ ನಿದ್ರಿಸಿದಳು. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಆದರೆ ಅವರಿದ್ದುದು ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿ. ಕಾರು ನಿಲ್ಲುತ್ತಿದ್ದುದು ಬೀದಿಯಲ್ಲಿ. ನೆಲಮಹಡಿಯ ಟೈಲರಮ್ಮ ದೊಡ್ಡ ಮನಸ್ಸು ಮಾಡಿ ತನ್ನ ಅಂಗಡಿಯ ಪ್ಲಗ್ಗು ಬಿಟ್ಟುಕೊಟ್ಟಿದ್ದಳು. ವೈರು ಶಟರಿನ ಕೆಳಗಿಂದ ತೂರಿ ಬರುತ್ತಿತ್ತು. ಇಸ್ತ್ರಿಪೆಟ್ಟಿಗೆ ಮತ್ತು ಕಾರು ಎರಡೂ ಒಟ್ಟಿಗೆ ಕೂತರೆ ಫ್ಯೂಸು ಹಾರುತ್ತಿದ್ದುದರಿಂದ, ಇಸ್ತ್ರಿಗೆ ಕಾರನ್ನು ಕೀಳುವುದು, ಇಸ್ತ್ರಿ ಮುಗಿದ ಮೇಲೆ ಮತ್ತೆ ಚುಚ್ಚುವುದು ಎಂಬ ಒಪ್ಪಂದ. ಹಿಂದಿನ ಸರದಿಯಂದು ಕರೆಂಟು ಹೋಗಿ ಆಸ್ಪತ್ರೆ ತಪ್ಪಿತ್ತು. ಹೆಂಡತಿಯ ಪಾದಗಳು ಚಪ್ಪಲಿಗೆ ತೂರದಷ್ಟು ಊದಿದ್ದವು. ಮಲಗಿದರೆ ಉಸಿರು ಕಟ್ಟುವುದರಿಂದ ಅವಳು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಇನ್ನೊಂದು ಸರದಿ ತಪ್ಪಿದರೆ ಶ್ವಾಸಕೋಶಕ್ಕೆ ನೀರು ನುಗ್ಗುವುದೆಂದು ವೈದ್ಯರು ಫೋನಿನಲ್ಲಿಯೇ ಎಚ್ಚರಿಸಿದ್ದರು.

ಆ ಬೆಳಿಗ್ಗೆ ಏಳು ಗಂಟೆಗೆ ಚಾಲಕನು ಕಾರಿನ ಪರದೆ ನೋಡಿ ಕಲ್ಲಾದನು. ಬ್ಯಾಟರಿ ಶೇಕಡ ನೂರಾಗಿರಬೇಕಾದಲ್ಲಿ ಮೂವತ್ತೆಂಟು. ಟೈಲರಮ್ಮ ಶಟರು ಎತ್ತಿ, ನೇತಾಡುವ ಪ್ಲಗ್ಗನ್ನು ಕಂಡು ಹಣೆ ಚಚ್ಚಿಕೊಂಡಳು.

“ಅಯ್ಯೋ ಅಣ್ಣಾ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಯೂನಿಫಾರಂ ಇಸ್ತ್ರಿಗೆ ಅಂತ ಕಿತ್ತೆ, ಮತ್ತೆ ಹಾಕೋದು ಮರ್ತೇಬಿಟ್ಟೆ.”

“ಹೋಗ್ಲಿ ಬಿಡಮ್ಮ” ಎಂದನು ಅವನು. ಬಾಯಿ ಹಾಗೆಂದಿತು, ಎದೆ ಹಾಗೆನ್ನಲಿಲ್ಲ. ಮೆಟ್ಟಿಲ ಮೇಲೆ ಕೂತು ಏದುತ್ತಿದ್ದ ಹೆಂಡತಿಯತ್ತ ತಿರುಗಿ, “ಸ್ಟ್ಯಾಂಡಿಂದ ಬೇರೆ ಟ್ಯಾಕ್ಸಿ ಕರೀಲಾ?” ಎಂದು ಕೇಳಿದನು.

“ಆ ವಾಸನೇಲಿ ನಾನು ದಾರೀಲೇ ಹೋಗ್ಬಿಡ್ತೀನಿ ಕಣ್ರೀ. ಬೆಟ್ಟದ ಮೇಲೆ ಚಾರ್ಜ್ ಹಾಕೋ ಜಾಗ ಇದ್ಯಲ್ಲ. ನಡೀರಿ.”

ಒಟ್ಟು ಎಪ್ಪತ್ತೈದು ಕಿಲೋಮೀಟರ್ ದಾರಿ. ಮೂವತ್ತೈದು ಏರು, ಹದಿನೆಂಟು ಇಳಿಜಾರು, ಇಪ್ಪತ್ತೆರಡು ಬಯಲು. ಸರದಿ ಒಂಬತ್ತೂವರೆಗೆ. ಏರು ಶುರುವಾದದ್ದೇ ತಡ, ಪರದೆಯ ಅಂಕಿ ತೂತು ಬಿದ್ದ ಕೊಡದಂತೆ ಸೋರತೊಡಗಿತು. ಫ್ಯಾನು ನಿಲ್ಲಿಸಿದನು, ರೇಡಿಯೋ ನಿಲ್ಲಿಸಿದನು, ಎದುರು ಗಾಳಿಗೆ ಎದೆಯೊಡ್ಡಿದಂತೆ ಸ್ಟೀರಿಂಗಿನ ಮೇಲೆ ಬಾಗಿ ಕೂತನು. ಬೆಟ್ಟದ ನೆತ್ತಿ ಮುಟ್ಟಿದಾಗ ಇನ್ನು ಒಂಬತ್ತು ಕಿಲೋಮೀಟರ್ ಓಡಬಹುದೆಂದು ಪರದೆ ಹೇಳಿತು.

ಚಾರ್ಜಿಂಗ್ ಯಂತ್ರದ ತಲೆಗೆ ಗೋಣಿಚೀಲ ಕಟ್ಟಿದ್ದರು. ಪಕ್ಕದ ಚಹಾದಂಗಡಿಯ ಅಜ್ಜಿ ಲೋಟ ತೊಳೆಯುತ್ತ, “ಅದು ಸತ್ತು ಹನ್ನೊಂದು ದಿನ ಆಯ್ತಪ್ಪ. ರಿಪೇರಿಯೋರು ಬರ್ತೀವಿ ಅಂದೋರು ಇನ್ನೂ ಬರ್ತಾನೇ ಇದಾರೆ” ಎಂದಳು.

“ನಿಮ್ಮಂಗಡಿ ಪ್ಲಗ್ಗಾದ್ರೂ ಕೊಡಿ, ಅಜ್ಜಿ.”

“ಕೊಡೋಣ. ಎಷ್ಟು ಹೊತ್ತು ಬೇಕು?”

ಅವನು ಲೆಕ್ಕ ಹಾಕಿದನು. ಆ ಪ್ಲಗ್ಗಿನಿಂದ ಬೇಕಾದಷ್ಟು ತುಂಬಲು ಎರಡು ಗಂಟೆ ಹಿಡಿಯುತ್ತಿತ್ತು. ಗಡಿಯಾರ ಎಂಟು ದಾಟಿತ್ತು. ಹೆಂಡತಿಯ ತುಟಿ ನೀಲಿಗಟ್ಟಿದ್ದನ್ನು ನೋಡಿ ಅವನು ಬೇಡವೆಂದು ಕೈಯಾಡಿಸಿದನು.

ಅಜ್ಜಿಯೂ ಕಾರಿನೊಳಗೆ ಇಣುಕಿ ನೋಡಿದಳು. “ಹಾಗಾದ್ರೆ ಹೊರಡಪ್ಪ. ಈ ಗಾಡಿಯೋರೆಲ್ಲ ಹೇಳ್ತಾರೆ, ಇಳಿಜಾರಲ್ಲಿ ಗೇರಿನಲ್ಲೇ ಬಿಟ್ರೆ ಚಕ್ರ ತಿರುಗಿ ತಿರುಗಿ ಬ್ಯಾಟರಿ ತುಂಬುತ್ತಂತೆ. ನ್ಯೂಟ್ರಲ್ ಮಾತ್ರ ಮಾಡ್ಬೇಡ.”

ಮೂವತ್ತೊಂದು ವರ್ಷದ ಚಾಲಕನಿಗೆ ಚಹಾದ ಅಜ್ಜಿ ಪಾಠ ಹೇಳುವುದೇ? ಕಂಗೆಟ್ಟ ಮನುಷ್ಯನಿಗೆ ಕೊನೆಗೆ ಉಳಿಯುವುದು ಜಂಬವೊಂದೇ. “ಚಹಾ ಸೋಸೋದು ನೀವು ನೋಡ್ಕೊಳ್ಳಿ, ಗಾಡಿ ನಾನು ನೋಡ್ಕೋತೀನಿ” ಎಂದು ಹೊರಟೇಬಿಟ್ಟನು.

“ಅಜ್ಜಿ ಹೇಳಿದ್ ಹಾಗೆ ಒಂದ್ಸಲ ಮಾಡಿ ನೋಡ್ಬಾರ್ದಾ?” ಎಂದಳು ಹೆಂಡತಿ.

“ಗೇರಲ್ಲಿದ್ರೆ ಗಾಡಿ ಹಿಡಿದು ಹಿಡಿದು ಹೋಗುತ್ತೆ ಕಣೇ. ಇದ್ದಬದ್ದದ್ದೂ ಖರ್ಚಾಗಿಬಿಡುತ್ತೆ. ನ್ಯೂಟ್ರಲ್ ಹಾಕಿದ್ರೆ ಒಂದು ಚೂರೂ ಖರ್ಚಿಲ್ಲ. ತಳದಲ್ಲಿ ಒಂಬತ್ತು ಇರುತ್ತೆ. ಆಮೇಲೆ ಇದಕ್ಕೂ ಒಂದು ರಿಸರ್ವ್ ಅಂತ ಇದ್ದೇ ಇರುತ್ತೆ.”

ಅವಳು ಸೀಟಿಗೆ ಒರಗಿದಳು. ವಾದಿಸಲು ಉಸಿರು ಬೇಕು.

ಕಾರು ಸದ್ದಿಲ್ಲದೆ ತೇಲುತ್ತ ಇಳಿಯಿತು. ಅವನು ಬ್ರೇಕಿನ ಮೇಲೆ ಕಾಲಿಟ್ಟು ತಿರುವಿನ ಮೇಲೆ ತಿರುವು ಕಳೆದನು. ಅಂಕಿ ಒಂಬತ್ತರಲ್ಲೇ ನಿಂತಿತ್ತು. ನೋಡಿದೆಯಾ ಎಂಬಂತೆ ಅವನು ಹೆಂಡತಿಯತ್ತ ಹುಬ್ಬು ಹಾರಿಸಿದನು. ಹದಿನಾಲ್ಕನೆಯ ಕಿಲೋಮೀಟರಿನ ಹೊತ್ತಿಗೆ ಕಾದ ಬ್ರೇಕಿನ ಸುಟ್ಟ ವಾಸನೆ ಒಳಗೆ ಹೊಕ್ಕಿತು. ಅವಳು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಓಕರಿಸಿದಳು. ಮುಂದಿನ ತಿರುವಿನಲ್ಲಿ ಪೆಡಲು ನೆಲದವರೆಗೆ ಹೋದರೂ ಕಾರು ಸರಿಯಾಗಿ ಹಿಡಿಯಲಿಲ್ಲ. ಅವನು ಗಾಬರಿಯಿಂದ ಗೇರಿಗೆ ಹಾಕಿದನು. ಯಾರೋ ಹಿಂದಿನಿಂದ ಹಗ್ಗ ಹಾಕಿ ಎಳೆದಂತೆ ಕಾರು ನಿಧಾನವಾಯಿತು.

ಪರದೆಯ ಒಂಬತ್ತು, ಹತ್ತಾಯಿತು.

ಅವನು ಕಣ್ಣುಜ್ಜಿಕೊಂಡನು. ಇನ್ನೆರಡು ತಿರುವು ಕಳೆದಾಗ ಹನ್ನೊಂದಾಯಿತು. ಅಷ್ಟರಲ್ಲಿ ಬೆಟ್ಟವೇ ಮುಗಿಯಿತು. ಮುಂದೆ ಬಯಲು, ಹಾಳೆಯಂತೆ ಚಪ್ಪಟೆ. ವ್ಯರ್ಥವಾಗಿ ಹರಿದುಹೋದ ಹದಿನಾಲ್ಕು ಕಿಲೋಮೀಟರ್ ಇಳಿಜಾರನ್ನು ಅವನು ಕನ್ನಡಿಯಲ್ಲಿ ಕಂಡನು. ಹಿಂದೆ ಹೋಗಿ ಮತ್ತೆ ಇಳಿದು ಬರುವಂತಿದ್ದರೆ ಮಂಡಿಯೂರಿಯಾದರೂ ಹತ್ತುತ್ತಿದ್ದನು.

ಹನ್ನೊಂದು ಕಿಲೋಮೀಟರಿಗೆ ಕಾರು ನಿಂತಿತು. ರಿಸರ್ವ್ ಇರಲಿಲ್ಲ. ಆಸ್ಪತ್ರೆ ಇನ್ನೂ ಹನ್ನೊಂದು ಕಿಲೋಮೀಟರ್ ಆಚೆ.

ಆಂಬುಲೆನ್ಸಿನವರು ಬರಲು ಒಂದೂವರೆ ಗಂಟೆ ಬೇಕು ಎಂದರು. ಆಸ್ಪತ್ರೆಯ ನರ್ಸಮ್ಮ, “ಹತ್ತರವರೆಗೆ ಮಂಚ ಹಿಡಿದಿಡ್ತೀನಿ. ಆಮೇಲೆ ನನ್ನ ಕೈಲಿಲ್ಲ” ಎಂದಳು. ಅವನು ನಡುರಸ್ತೆಯಲ್ಲಿ ಕೈಚಾಚಿ ನಿಂತನು. ಎರಡು ಕಾರುಗಳು ಹಾರ್ನು ಮಾಡಿ ಬಳಸಿಕೊಂಡು ಹೋದವು. ಹತ್ತಕ್ಕೆ ಇಪ್ಪತ್ತು ನಿಮಿಷವಿದ್ದಾಗ ಒಂದು ಲಾರಿ ನಿಂತಿತು. ಒಳಗೆ ಮೂವರು ಕೂತಿದ್ದರು. ಅವಳ ಸ್ಥಿತಿ ನೋಡಿ ಒಬ್ಬನು ತಾನಾಗಿಯೇ ಇಳಿದು ಹಿಂದಿನ ಮೂಟೆಗಳ ಮೇಲೆ ಹತ್ತಿದನು.

“ಒಬ್ರಿಗೇ ಜಾಗ ಯಜಮಾನ್ರೇ. ಹಿಂದೆ ಇನ್ನೊಬ್ರು ಹತ್ತಿದ್ರೆ ಇಬ್ರೂ ಬೀಳ್ತೀರ. ನಿಮ್ಮಕ್ಕನ್ನ ಬಾಗಿಲಲ್ಲೇ ಇಳಿಸ್ತೀನಿ, ಬಿಡಿ” ಎಂದನು ಲಾರಿಯ ಚಾಲಕ.

“ಹೆಂಡ್ತಿ” ಎಂದನು ಅವನು.

ಡೀಸೆಲಿನ ವಾಸನೆ ತುಂಬಿದ ಆ ಗೂಡಿಗೆ ಅವಳನ್ನು ಎರಡೂ ತೋಳಿನಲ್ಲಿ ಎತ್ತಿ ಕೂರಿಸಿದನು. ಅವಳು ಬಾಗಿ, ಅವನ ಕಿವಿಗೆ ಮಾತ್ರ ಕೇಳುವಂತೆ, ತುಂಡು ತುಂಡಾಗಿ ಹೇಳಿದಳು: “ರೀ... ನ್ಯೂಟ್ರಲ್ ವಿಷಯ... ಓಣೀಲಿ ಯಾರಿಗೂ ಹೇಳ್ಬೇಡಿ. ನಗ್ತಾರೆ.”

ಲಾರಿ ಹೋಯಿತು. ಅವನು ಕಾರಿನ ಬದಿಯಲ್ಲಿ ನಿಂತೇ ಇದ್ದನು. ಹತ್ತೂ ಹತ್ತಕ್ಕೆ ಫೋನು ಬಂತು. ನರ್ಸಮ್ಮ.

“ಬಂದಿದಾರೆ. ದಾರೀಲಿ ತುಂಬ ವಾಂತಿ ಆಗಿದೆ, ಮಾತಾಡ್ತಿಲ್ಲ. ಮಂಚ ಬೇರೆಯವರಿಗೆ ಹೋಯ್ತು. ಆಕ್ಸಿಜನ್ ಹಾಕಿದೀವಿ, ಮಧ್ಯಾಹ್ನ ಎರಡು ಗಂಟೆಗೆ ಒಂದು ಯಂತ್ರ ಖಾಲಿ ಆಗುತ್ತೆ. ಅಲ್ಲೀತನಕ ತಡ್ಕೋಬೇಕು. ಸಹಿ ಬೇಕು, ನೀವು ಎಲ್ಲಿದೀರಿ?”

“ಇಲ್ಲೇ, ಹತ್ರಾನೇ ಇದೀನಿ” ಎಂದನು.

ಹಿಂದಿನ ಸೀಟಿನಿಂದ ಅವಳ ದಿಂಬನ್ನೂ ಹೊದಿಕೆಯನ್ನೂ ಔಷಧಿಯ ಡಬ್ಬಿಯನ್ನೂ ತೆಗೆದು, ಹೊದಿಕೆಯಲ್ಲಿ ಎಲ್ಲವನ್ನೂ ಸುತ್ತಿ ಗಂಟು ಕಟ್ಟಿ ಹೆಗಲಿಗೇರಿಸಿದನು. ಕೀಲಿಯನ್ನು ಕಾರಿನಲ್ಲೇ ಬಿಟ್ಟನು. ಐವತ್ತೇಳರ ಕಾಲುಗಳು ಓಡಬಲ್ಲಷ್ಟು ದೂರ ಓಡಿದನು, ಆಮೇಲೆ ನಡೆದನು, ಮತ್ತೆ ಓಡಿದನು.