ಅರಮನೆಗೆ ಬಂದ ನಾಯಿತೊಗಲಿನ ಟೋಪಿ

ಮೊದಲು ಕಂಡದ್ದು ಟೋಪಿ, ಆಮೇಲೆ ಮನುಷ್ಯ. ಶೆನ್‌ಯಾಂಗ್ ಅರಮನೆಯ ಟಿಕೆಟ್ ಕಿಟಕಿಯ ಬಳಿ ಹಿಮ ತುಳಿಯುತ್ತ ನಿಂತಿದ್ದ ಗುವಾನ್ ಶುಲಾನಳ ಎದೆ ಧಸಕ್ಕೆಂದಿತು. ಬೆಳಿಗ್ಗೆಯಿಂದ ಕನ್ನಡಿ ಬಿಟ್ಟು ಕದಲಿರಲಿಲ್ಲ ಮಹಾತಾಯಿ. ಮಗಳ ಕೆಂಪು ಉಣ್ಣೆಶಾಲನ್ನು ಹೇಳದೆ ಕೇಳದೆ ಎತ್ತಿಕೊಂಡು ಬಂದಿದ್ದಳು. ಅರವತ್ತು ದಾಟಿದ ವಿಧವೆಗೆ ಹದಿನಾರರ ಪುಳಕ. ಎಲ್ಲ ಸರಿಯಿತ್ತು, ಎದುರಿಗೆ ಬರುತ್ತಿದ್ದ ಫಾಂಗ್ ದೆಹಾಯ್‌ನ ತಲೆಯ ಮೇಲೆ ನಾಯಿತೊಗಲಿನ ಟೋಪಿಯೊಂದು ಇಲ್ಲದಿದ್ದರೆ.

"ಬನ್ನಿ ರಾಜಕುಮಾರೀ, ನಿಮ್ಮ ತವರುಮನೆ ತೋರಿಸಿ!" ಎಂದು ಅವನು ದೂರದಿಂದಲೇ ಕೂಗಿದ.

ತಾನು ಈ ಅರಮನೆ ಕಟ್ಟಿದ ಮಂಚು ಜನದವಳೆಂದು ಅವಳು ಹೇಳಿದಂದಿನಿಂದ ಇದೇ ತಮಾಷೆ. ಹಿಂದಿನ ಭೇಟಿಗಳೆಲ್ಲ ಈ ಸಂಬಂಧ ತಂದ ಅವಳ ಅತ್ತಿಗೆಯ ಮನೆಯಲ್ಲಿ, ಒಲೆಯ ಬಿಸಿಯಲ್ಲಿ, ಚಹಾ ಕುಡಿಯುತ್ತ ನಡೆದವು. ಅಲ್ಲಿ ಟೋಪಿಯ ಮಾತೇ ಬಂದಿರಲಿಲ್ಲ. ಹೆಂಡತಿ ತೀರಿಕೊಂಡ ಈ ಬಸ್ ರಿಪೇರಿ ಮೇಸ್ತ್ರಿ ನಗಿಸುತ್ತಿದ್ದ, ಅದು ಅವಳಿಗೆ ಹಿಡಿಸಿತ್ತು. ಮದುವೆಗೆ ಹೂಂ ಅನ್ನುತ್ತೀಯೋ ಉಹೂಂ ಅನ್ನುತ್ತೀಯೋ ಇವತ್ತು ಹೇಳಿಬಿಡಬೇಕೆಂದು ಅತ್ತಿಗೆಯ ತಾಕೀತು. ಹೂಂ ಎನ್ನುವುದೆಂದು ಶುಲಾನ್ ನಿನ್ನೆಯೇ ಮನಸ್ಸು ಮಾಡಿಬಿಟ್ಟಿದ್ದಳು. ಆದರೆ ನಾಯಿತೊಗಲು ತೊಟ್ಟವರನ್ನು ಅವಳ ಅಜ್ಜಿ ಹೊಸ್ತಿಲು ದಾಟಿಸಿದವಳಲ್ಲ. ಈ ಆಸಾಮಿಯೋ ಅದನ್ನು ತಲೆಗೇರಿಸಿಕೊಂಡು ಮಂಚು ದೊರೆಗಳ ಅರಮನೆಗೇ ಹೊರಟಿದ್ದಾನೆ! ಹೇಳಿದರೆ ಪಾಪ, ಮುಖ ಸಣ್ಣದಾಗುತ್ತದೆ. ಹೇಳದಿದ್ದರೆ ತನಗೇ ಸಮಾಧಾನವಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಒಳಗೆ ನಡೆದಳು.

ಆ ಬೀಗ ರಾಣಿಯ ಮನೆಯವರೆಗೆ ಮಾತ್ರ ಉಳಿಯಿತು. ಚಿನ್ನದ ಮಂಚವಿರಬಹುದೆಂದು ಕತ್ತು ಚಾಚಿದವಳಿಗೆ ಕಂಡದ್ದು ಗೋಡೆಗಳ ಉದ್ದಕ್ಕೂ, ಒಲೆಯ ಹೊಗೆ ಒಳಗೆ ಹಾಯ್ದು ಬಿಸಿಯಾಗುವ ಮಲಗುವ ಜಗಲಿ, ಮೂಲೆಯಲ್ಲಿ ಭಾರೀ ಕಡಾಯಿ.

"ಅಯ್ಯೋ, ಇದು ನಮ್ಮಜ್ಜಿ ಮನೆ ಕಣ್ರೀ!" ಎಂದು ಅವಳು ಅವನ ತೋಳನ್ನೇ ಹಿಡಿದು ಜಗ್ಗಿದಳು. "ಇದೇ ಜಗಲಿ! ಆ ಪಶ್ಚಿಮದ್ದು ಪಿತೃಗಳ ಜಾಗ, ಅಲ್ಲಿ ಕೂತ್ರೆ ಬೆನ್ನಿಗೆ ಬೀಳ್ತಿತ್ತು. ಕಡಾಯಿ ನೋಡ್ರೀ, ಇಡೀ ಹಂದಿ ಬೇಯತ್ತೆ! ರಾಣಿನೂ ನಮ್ ಥರಾನೇ ಮಲಗ್ತಿದ್ಲಲ್ರೀ!"

"ನಾನ್ ಹೇಳ್ಲಿಲ್ವಾ, ತವರುಮನೆ ಅಂತ?"

ಅವಳಿಗೆ ಕುಣಿಯುವಷ್ಟು ಖುಷಿ. ಟೋಪಿ ಮರೆತೇಹೋಯಿತು.

ಹೊರಗೆ ಅಂಗಳದ ಕಂಬದ ಸುತ್ತ ಪ್ರವಾಸಿಗಳ ಗುಂಪು. ತುದಿಯಲ್ಲಿ ಬಟ್ಟಲಿರುವ ಆ ಕಂಬವನ್ನು ತೋರಿಸುತ್ತ ಗೈಡ್ ಹುಡುಗಿ ಮೈಕಿನಲ್ಲಿ ಹೇಳುತ್ತಿದ್ದಳು: "ಮಂಚು ಜನರ ಮೊದಲ ದೊರೆನ ಶತ್ರುಗಳು ಅಟ್ಟಿಸ್ಕೊಂಡು ಬಂದಾಗ ಕಾಗೆಗಳು ಮೈಮೇಲೆ ಕೂತು ಮರೆಮಾಡಿದ್ವಂತೆ. ದೊರೆ ಮಲಗಿದ್ದ ಹುಲ್ಲಿಗೆ ಬೆಂಕಿ ಬಿದ್ದಾಗ ಅವರ ನಾಯಿ ನೀರಲ್ಲಿ ಮುಳುಗೆದ್ದು ಹೊರಳಾಡಿ ಬೆಂಕಿ ಆರಿಸಿ ಪ್ರಾಣ ಬಿಡ್ತಂತೆ. ಅದಕ್ಕೇ ಮಂಚು ಜನ ಈ ಬಟ್ಟಲಲ್ಲಿ ಕಾಗೆಗೆ ಊಟ ಇಡ್ತಿದ್ರು. ನಾಯಿ ತಿನ್ನಲ್ಲ, ನಾಯಿತೊಗಲು ತೊಡಲ್ಲ."

"ನೋಡ್ರೇ, ಇಲ್ಲೊಬ್ರು ನಾಯಿನೇ ಹೊತ್ಕೊಂಡ್ ಬಂದಿದಾರೆ!" ಎಂದಳು ಗುಂಪಿನ ಹೆಂಗಸೊಬ್ಬಳು. ಎಲ್ಲರೂ ತಿರುಗಿ ನೋಡಿ ಗೊಳ್ಳೆಂದರು.

ದೆಹಾಯ್‌ನ ನಗು ಇಳಿದುಹೋಯಿತು. ಟೋಪಿ ತೆಗೆದು ಬೆನ್ನ ಹಿಂದೆ ಹಿಡಿದ. "ನೀವು ಆಗ್ಲೇ ನೋಡಿದ್ರಾ?"

"ಬಾಗಿಲಲ್ಲೇ."

"ಬೈಬಾರ್ದಿತ್ತಾ?"

"ಬೈಯೋಕೆ ನಾನಿನ್ನೂ ನಿಮ್ಮ ಹೆಂಡ್ತಿ ಆಗಿದೀನಾ?" ಎಂದವಳು ನಾಲಿಗೆ ಕಚ್ಚಿಕೊಂಡಳು. ನಾಚಿಕೆ ಮುಚ್ಚಲು ಕಸದ ಡಬ್ಬಿಯತ್ತ ಕೈ ತೋರಿಸಿದಳು. "ಅಲ್ಲಿ ಬಿಸಾಕಿ, ಮುಗಿದ್ಹೋಯ್ತು."

ಅವನು ಅಲ್ಲಿಯವರೆಗೆ ಹೋದ, ಕೈ ಚಾಚಿದ, ವಾಪಸು ಬಂದ.

"ಆಗಲ್ಲ ಶುಲಾನ್ ಅವ್ರೇ. ನನ್ನ ಹೆಂಡ್ತಿ ಗ್ವೇಫೆನ್ ಹೊಲಿದಿದ್ದು. ಅವಳಿಗೆ ಆಗ್ಲೇ ಕೈ ನಡುಗ್ತಿತ್ತು. ನೋಡಿ, ಟೋಪಿದು ಈ ಕಿವಿ ಉದ್ದ, ಈ ಕಿವಿ ಗಿಡ್ಡ." ಅವನು ಟೋಪಿಯ ಮೇಲಿನ ಹಿಮ ಕೊಡವಿದ. "ನೀವು ಪೂರ್ತಿ ನೋಡ್ಕೊಂಡು ಬನ್ನಿ. ನಾನು ಆಚೆ ನಿಂತಿರ್ತೀನಿ. ನಿಮ್ಮ ಅತ್ತಿಗೆಗೆ ಏನು ಹೇಳ್ಬೇಕೋ ಅದನ್ನೇ ಹೇಳಿ, ಬೇಜಾರಿಲ್ಲ."

ಬೋಳುತಲೆಯ ಮೇಲೆ ಹಿಮ ಬೀಳುತ್ತಿತ್ತು. ಅವನ ಕಿವಿಗಳು ಆಗಲೇ ಕೆಂಪು ಮೂಲಂಗಿಯ ಹಾಗಾಗಿದ್ದವು. ಶುಲಾನ್ ಒಂದು ಗಳಿಗೆ ಟೋಪಿಯ ಆ ಗಿಡ್ಡ ಕಿವಿಯ ವಕ್ರ ಹೊಲಿಗೆಯನ್ನೇ ನೋಡಿದಳು. ಆಮೇಲೆ ತನ್ನ ಕೆಂಪು ಶಾಲು ಬಿಚ್ಚಿ ಅವನ ತಲೆಗೆ ಸುತ್ತಿ, ಗದ್ದದ ಕೆಳಗೆ ಬಿಗಿಯಾಗಿ ಗಂಟು ಹಾಕಿದಳು.

"ಜನ ನಗ್ತಾರೆ!"

"ಆಗ್ಲೇ ನಕ್ಕಾಯ್ತಲ್ಲ. ಕೊಡಿ ಅದನ್ನ."

"ನೀವು ಇದನ್ನ..."

"ಕಾಗೆ ಕೇಳಿದ್ರೆ ನಾನು ಹೇಳ್ಕೋತೀನಿ. ಕೊಡಿ ಅಂದ್ನಲ್ಲ!"

ಮದುಮಗಳಂತೆ ಕೆಂಪು ಹೊದ್ದ ಮೇಸ್ತ್ರಿ ಮುಂದೆ ಮುಂದೆ ನಡೆದ. ಶುಲಾನ್ ಕೋಟಿನ ಗುಂಡಿ ಬಿಚ್ಚಿ ಟೋಪಿಯನ್ನು ಹೊಟ್ಟೆಗವಚಿ ಇಟ್ಟುಕೊಂಡಳು. ಅದು ಇನ್ನೂ ಬೆಚ್ಚಗಿತ್ತು. ಹಿಮ ತಾಗದಿರಲೆಂದು, ಹೊರಗೆ ಇಣುಕುತ್ತಿದ್ದ ಗಿಡ್ಡ ಕಿವಿಯನ್ನೂ ಮೆಲ್ಲಗೆ ಒಳಗೆ ಸೇರಿಸಿದಳು.