ಒಳ್ಳೆ ಮಗು

ಸಾಕಲು ಕರೆದೊಯ್ದ ಮಗುವನ್ನು ಮೂರೇ ತಿಂಗಳಿಗೆ ವಾಪಸ್ ಬಿಡಲು ಆದಿಲಕ್ಷ್ಮಿಯೂ ಗೋವರ್ಧನನೂ ಮಡಕಶಿರಾ ಕಡೆಯ ರೊಳ್ಳದಿಂದ ರಾಯದುರ್ಗದ ಶಿಶುಗೃಹಕ್ಕೆ ಬಂದಿದ್ದರು. ಬಂದ ಕಾರಣ ಕೇಳಿ ಡಾಕ್ಟರ್ ಕೃಷ್ಣವೇಣಿ ಅವರನ್ನೂ ಮಗುವನ್ನೂ ತನ್ನ ಕೋಣೆಗೆ ಕರೆದು ಕೂರಿಸಿದಳು.

ಅನಾಥಾಲಯಗಳಲ್ಲಿ ಬೆಳೆದ ಮಕ್ಕಳ ಮಿದುಳು, ಮನಸ್ಸು ಎರಡನ್ನೂ ನೋಡುವುದೇ ಕೃಷ್ಣವೇಣಿಯ ವೃತ್ತಿ. ಇಪ್ಪತ್ತು ವರ್ಷ ಅದನ್ನೇ ಮಾಡಿದ ಆಕೆಯನ್ನು ಈ ಕಡೆಯವರು ‘ಮೆದುಳಿನ ಮೇಡಂ’ ಎನ್ನುತ್ತಾರೆ. ನಾಲ್ಕು ವರ್ಷದ ಗಂಗೋತ್ರಿಯನ್ನು ಈ ದಂಪತಿಗೆ ಕೊಡಬಹುದು ಎಂದವಳೂ ಆಕೆಯೇ. ಹೀಗೆ ವಾಪಸ್ ಬಂದ ಮಕ್ಕಳು ಆಮೇಲೆ ಯಾರನ್ನೂ ನಂಬದೆ ಬೆಳೆದದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು.

“ನೋಡೋಕ್ ಬಂದ ದಿನ ಓಡಿಬಂದು ತೊಡೆಮೇಲೆ ಕೂತ್ಕಂಡ್ಳು ಮೇಡಂ. ಎಂಥಾ ಒಳ್ಳೆ ಮಗು ಅನ್ಕಂಡ್ವಿ,” ಎಂದ ಗೋವರ್ಧನ್. “ಈಗ ನಮ್ ಲಕ್ಷ್ಮಿ ಹಿತ್ಲಿಗೆ ಹೋದ್ರೂ ಊರೇ ಒಟ್ಟಾಗಂಗೆ ಕಿರುಚ್ತಾಳೆ. ರೇಷ್ಮೆ ಹುಳಕ್ಕೆ ಸೊಪ್ಪಾಕಕ್ಕೂ ಬಿಡಲ್ಲ. ನಮ್ಮವ್ವ ಎತ್ಕಂಡ್ರೆ ಕಚ್ತಾಳೆ. ನಮ್ ಕೈಲಿ ಕೆಟ್ಟೋದ್ಲು.”

ಮಗುವಿನ ಕೈ ಹಿಡಿದಿದ್ದ ಆದಿಲಕ್ಷ್ಮಿ ನಿದ್ದೆಗೆಟ್ಟು ಬಡಕಲಾಗಿದ್ದಳು.

ಒಳ್ಳೆ ಮಗುವಂತೆ! ತಮ್ಮ ಹುಟ್ಟುಹಬ್ಬಕ್ಕೆ ಇಲ್ಲಿಗೆ ಬಂದು ಬಿಸ್ಕತ್ತು ಹಂಚಿ ಫೋಟೊ ಹೊಡೆಸಿಕೊಳ್ಳುವ ದೊಡ್ಡ ಮನುಷ್ಯರೂ ಇದನ್ನೇ ಹೇಳಿ ಹೋಗುತ್ತಿದ್ದರು. ಕಂಡಕಂಡವರ ತೊಡೆಯೇರುವ ಮಗುವಿಗೆ ತನ್ನವರೆಂದು ಯಾರೂ ಇಲ್ಲ ಎಂಬುದು ಅವರಿಗೆ ಹೊಳೆಯುವುದಾದರೂ ಹೇಗೆ? ಈ ಕಿರುಚಾಟ ಮಗು ಗುಣವಾಗುತ್ತಿರುವ ಲಕ್ಷಣವಿರಬಹುದು ಎಂಬ ಆಸೆ ಕೃಷ್ಣವೇಣಿಗೆ. ಆದರೆ ಪರೀಕ್ಷಿಸದೆ ಹೇಳುವಂತಿಲ್ಲ. ಆದಿಲಕ್ಷ್ಮಿ ಮರೆಯಾದೊಡನೆ ಮಗು ಬೇರೆಯವರ ಕೈಗೆ ಹೋಗಿ ಪರೀಕ್ಷೆ ಉಲ್ಟಾ ಹೊಡೆದರೆ, ಅದು ಇವತ್ತೇ ಇಲ್ಲಿ ಉಳಿಯುತ್ತದೆ.

“ಆದಿಲಕ್ಷ್ಮೀ, ಸ್ವಲ್ಪ ಹೊರಗ ನಿಲ್ಲವ್ವ. ನಾನು ಕರಿಯೋತನಕ ಬರಬ್ಯಾಡ.”

ಬಾಗಿಲು ಮುಚ್ಚಿತು. ಗಂಗೋತ್ರಿ ಅಳಲಿಲ್ಲ, ಬಾಗಿಲನ್ನೇ ನೋಡುತ್ತ ನಿಂತಳು. ಶಿಶುಗೃಹದ ಆಯಾ ಉಜ್ಜಿನಮ್ಮ “ಬಾರವ್ವ” ಎಂದು ಕೈ ಚಾಚಿದಳು. ಮಗು ತಿರುಗಿ ಅವಳತ್ತ ಒಂದು ಹೆಜ್ಜೆ ಇಟ್ಟಿತು.

“ನೋಡ್ರಿ ಮೇಡಂ, ನನ್ನ ಮರ್ತಿಲ್ಲ!” ಉಜ್ಜಿನಮ್ಮ ಹಿಗ್ಗಿದಳು. ಪರೀಕ್ಷೆ ಉಲ್ಟಾ ಹೊಡೆಯಿತು ಎಂದುಕೊಂಡಳು ಕೃಷ್ಣವೇಣಿ. ಗೋವರ್ಧನ್ ಹೊರಡಲು ಎದ್ದು ನಿಂತ.

ಇಟ್ಟ ಹೆಜ್ಜೆಯಲ್ಲೇ ಮಗು ನಿಂತಿತು. ಇದ್ದಕ್ಕಿದ್ದಂತೆ ಚೀರಿ, ಬಾಗಿಲಿಗೆ ಓಡಿ, ಎರಡೂ ಕೈಯಿಂದ ಬಡಿಯತೊಡಗಿತು. ಆದಿಲಕ್ಷ್ಮಿ ಕರೆಗೆ ಕಾಯದೆ ಒಳನುಗ್ಗಿ ಎತ್ತಿಕೊಂಡಳು. ಗಂಗೋತ್ರಿ ಅವಳ ಕೆನ್ನೆಗೆ ರಪರಪ ಹೊಡೆದು, ಆಮೇಲೆ ಕತ್ತು ಬಿಗಿದಪ್ಪಿ ಬಿಕ್ಕಿದಳು.

“ನೋಡಿದ್ರಾ?” ಎಂದ ಗೋವರ್ಧನ್.

“ನೋಡಿದೆ. ನನ್ನ ಹೊಡಿಲಿಲ್ಲ, ಉಜ್ಜಿನಮ್ಮನ್ನ ಹೊಡಿಲಿಲ್ಲ. ಬಿಟ್ಟುಹೋದಾಕಿನ್ನ ಹೊಡೆದ್ಲು. ಇಲ್ಲಿಂದ ಎಷ್ಟು ಮಂದಿ ಆಯಾಗಳು ಕೆಲಸ ಬಿಟ್ಟು ಹೋದ್ರು, ಒಬ್ಬರ ಸಲುವಾಗಿನೂ ಅತ್ತಾಕಿ ಅಲ್ಲ ಈಕಿ. ಕೆಟ್ಟಿಲ್ಲಪ್ಪ ನಿನ್ನ ಮಗಳು. ಹುಟ್ಟಿದಾಗಿಂದ ಈಗಷ್ಟ ಒಬ್ಬಾಕಿನ್ನ ಅವ್ವ ಅಂತ ಹಿಡಕೊಂಡಾಳ.”

ಆದಿಲಕ್ಷ್ಮಿ ಮೊದಲ ಸಲ ಬಾಯಿ ಬಿಟ್ಟಳು. “ಈಗ ಬಿಟ್ಟೋದ್ರೆ ಏನಾಯ್ತಾಳೆ ಮೇಡಂ?”

ಕೃಷ್ಣವೇಣಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. “ಮತ್ತ ಒಳ್ಳೆ ಮಗು ಆಗ್ತಾಳ. ಯಾರು ಕರೆದ್ರೂ ಹೋಗಿ ತೊಡಿ ಮ್ಯಾಲ ಕುಂದರತಾಳ.”

ಆದಿಲಕ್ಷ್ಮಿ ಮಗುವಿಗೆ ಸೆರಗು ಸುತ್ತಿ, ಗಂಡನ ಮುಖವನ್ನೂ ನೋಡದೆ ಹೊರಟೇಬಿಟ್ಟಳು. ಅವಳು ಗೇಟು ದಾಟುವವರೆಗೂ ಗೋವರ್ಧನ್ ಕದಲಲಿಲ್ಲ. ಆಮೇಲೆ, “ನಿಂತ್ಕಳೇ ಲಕ್ಷ್ಮೀ, ನಮ್ ಬಸ್ಸು ಆ ಕಡೆಯಿಂದ ಬತ್ತದೆ!” ಎಂದು ಕೂಗುತ್ತ ಓಡಿದ.